9 ಡಿಗ್ರಿ ಗಾಲ್ಫ್ ಡ್ರೈವರ್ ಬಿಟ್ಟು 10.5 ತಗೊಳ್ಳಲಾ, ಇಲ್ಲ ನೇರ 12ಕ್ಕೆ ಹೋಗಲಾ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಲ್ಲಿ ಗಾಲ್ಫ್ ಆಡುತ್ತೇನೆ, ಶುರು ಮಾಡಿ ಎರಡು ವರ್ಷ ಆಯಿತು, ಹ್ಯಾಂಡಿಕ್ಯಾಪ್ 22, ಅಂದರೆ ಆಟ ಇನ್ನೂ ಸಾಧಾರಣ. ಅಣ್ಣ ಅಮೆರಿಕದಿಂದ ಬರುವಾಗ ತಂದುಕೊಟ್ಟ 9 ಡಿಗ್ರಿ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್; ಡಿಗ್ರಿ ಅಂದರೆ ಅದರ ಲಾಫ್ಟ್, ಚೆಂಡಿಗೆ ತಾಗುವ ಮುಖ ಅಥವಾ ಫೇಸ್ ಹಿಂದಕ್ಕೆ ವಾಲಿರುವ ಕೋನ) ನನ್ನ ಹತ್ತಿರ ಇದೆ. ಐರನ್ (ಕಡಿಮೆ ದೂರದ ಕ್ಲಬ್) ಎಲ್ಲ ಪರವಾಗಿಲ್ಲ. ಡ್ರೈವರ್ ಹೊಡೆದರೆ ಮಾತ್ರ ಚೆಂಡು ಮೇಲೇಳುವುದೇ ಇಲ್ಲ, ತಗ್ಗಿನಲ್ಲೇ ಹೋಗಿ ಕೊನೆಗೆ ಬಲಕ್ಕೆ ತಿರುಗುತ್ತದೆ. ನನ್ನ 15 ಡಿಗ್ರಿ 3 ವುಡ್ (ಡ್ರೈವರ್‌ಗಿಂತ ಚಿಕ್ಕ ಕ್ಲಬ್) ಕೂಡ ಹೆಚ್ಚುಕಮ್ಮಿ ಅಷ್ಟೇ ದೂರ ಹೋಗುತ್ತದೆ!

ಕಳೆದ ವಾರ ರೇಂಜ್‌ನಲ್ಲಿ ಲಾಂಚ್ ಮಾನಿಟರ್ (ಹೊಡೆತ ಅಳೆಯುವ ಯಂತ್ರ) ಮುಂದೆ ಹೊಡೆದೆ. ಸ್ವಿಂಗ್ ಸ್ಪೀಡ್ ಗಂಟೆಗೆ 88 ಮೈಲಿ, ಲಾಂಚ್ (ಚೆಂಡು ಮೇಲೇಳುವ ಕೋನ) 8 ಡಿಗ್ರಿ, ಅಟ್ಯಾಕ್ ಆ್ಯಂಗಲ್ ಮೈನಸ್ 4 (ಕ್ಲಬ್ ಚೆಂಡಿಗೆ ಬಂದು ತಾಗುವ ಕೋನ, ಮೈನಸ್ ಅಂದರೆ ಕೆಳಮುಖ), ಸ್ಪಿನ್ ನಿಮಿಷಕ್ಕೆ 3300 ಸುತ್ತು, ಕ್ಯಾರಿ (ಚೆಂಡು ನೆಲ ಮುಟ್ಟುವ ಮೊದಲು ಹೋದ ದೂರ) 172 ಯಾರ್ಡ್. ಜೊತೆಗೆ ಆಡುವವರು 12 ಡಿಗ್ರಿ ವಯಸ್ಸಾದವರಿಗೆ ಅಂತಾರೆ. ನಿಜವಾ?

ಉತ್ತರ 1:
ಆ ಮಾತನ್ನು ತಲೆಯಿಂದ ತೆಗೆದುಬಿಡಿ ಸರ್. ಟಿವಿಯಲ್ಲಿ ನೋಡುವ ಪುರುಷರು 113-115 ಮೈಲಿ ವೇಗದಲ್ಲಿ ಬೀಸುತ್ತಾರೆ, ಅವರಿಗೆ 9 ಸರಿ. ಎಲ್‌ಪಿಜಿಎ (ಅಮೆರಿಕದ ಮಹಿಳಾ ವೃತ್ತಿಪರ ಟೂರ್) ಆಡುವ ಹೆಣ್ಣುಮಕ್ಕಳ ಸರಾಸರಿ ಸುಮಾರು 94. ನಿಮ್ಮ 88 ಅದಕ್ಕೂ ಕಡಿಮೆ, ಹಾಗಾಗಿ ನೋಡಿ ಕಲಿಯಬೇಕಾದ್ದು ಅವರನ್ನು. ಅವರು ಚೆಂಡನ್ನು ಮೇಲ್ಮುಖವಾಗಿ ಹೊಡೆಯುತ್ತಾರೆ, ಸರಾಸರಿ ಪ್ಲಸ್ 3 ಡಿಗ್ರಿ ಹತ್ತಿರ. ನಮ್ಮ ಅದಿತಿ ಅಶೋಕ್ ತೀರಾ ದೂರ ಹೊಡೆಯುವವರೇನಲ್ಲ, ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದರು.

ವೇಗ ಕಡಿಮೆ ಇದ್ದಷ್ಟೂ ಚೆಂಡನ್ನು ಗಾಳಿಯಲ್ಲಿ ಹಿಡಿದಿಡಲು ಲಾಫ್ಟ್ ಬೇಕು. ನಿಮ್ಮ ವೇಗಕ್ಕೆ ಲಾಂಚ್ 13-15 ಡಿಗ್ರಿ ಇದ್ದರೆ ಚೆನ್ನ, ನಿಮ್ಮದು 8. 3 ವುಡ್ ಡ್ರೈವರ್‌ನಷ್ಟೇ ದೂರ ಹೋಗುತ್ತದೆ ಅಂದರೆ ಡ್ರೈವರ್‌ನ ಲಾಫ್ಟ್ ಸಾಲುತ್ತಿಲ್ಲ ಅಂತಲೇ ಅರ್ಥ. ಇನ್ನೊಂದು ವಿಷಯ, ಲಾಫ್ಟ್ ಕಡಿಮೆ ಆದಷ್ಟೂ ಫೇಸ್ ಸ್ವಲ್ಪ ತೆರೆದಿದ್ದರೂ ಚೆಂಡು ಜಾಸ್ತಿ ಪಕ್ಕಕ್ಕೆ ಓಡುತ್ತದೆ, ಚೆಂಡು ಬಲಕ್ಕೆ ತಿರುಗುವ ನಿಮ್ಮ ಸ್ಲೈಸ್‌ನಲ್ಲಿ ಅದರ ಪಾಲೂ ಇದೆ. ನನ್ನ ಮಾತು ಕೇಳುವುದಾದರೆ 10.5ರಿಂದ ಶುರು ಮಾಡಿ, 12ನ್ನೂ ಅದೇ ದಿನ ಹೊಡೆದು ನೋಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ದುಡ್ಡು ಖರ್ಚು ಮಾಡುವ ಮೊದಲು ಒಂದು ನಿಮಿಷ ನಿಲ್ಲಿ. ನಿಮ್ಮ ಅಂಕಿಗಳಲ್ಲಿ ನನಗೆ ಕಣ್ಣಿಗೆ ಹೊಡೆದದ್ದು ಆ ಮೈನಸ್ 4. ಲಾಂಚ್ ಇಷ್ಟು ತಗ್ಗಿದ್ದೂ ಸ್ಪಿನ್ 3300 ಇದೆ ಅಂದರೆ ನೀವು ಡ್ರೈವರನ್ನೂ ಐರನ್ ಥರ ಮೇಲಿಂದ ಕೆಳಕ್ಕೆ ಹೊಡೆಯುತ್ತಿದ್ದೀರಿ. ಹೀಗೆ ಹೊಡೆಯುತ್ತಲೇ ಲಾಫ್ಟ್ ಮಾತ್ರ ಜಾಸ್ತಿ ಮಾಡಿದರೆ ಸ್ಪಿನ್ ಇನ್ನೂ ಏರುತ್ತದೆ, ಚೆಂಡು ಮೇಲಕ್ಕೇನೋ ಹೋಗುತ್ತದೆ, ಮುಂದಕ್ಕೆ ಹೋಗದೆ ಅಲ್ಲೇ ಬೀಳುತ್ತದೆ. ನಾನು 12 ಡಿಗ್ರಿ ತಗೊಂಡು ಒಂದು ಸೀಸನ್ ಪೂರ್ತಿ ಇದನ್ನೇ ಅನುಭವಿಸಿದೆ.

ಮೊದಲು ಟೀ (ಚೆಂಡು ಇಡುವ ಕಡ್ಡಿ) ಎತ್ತರ ನೋಡಿ. ಕ್ಲಬ್ ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ತಲೆಗಿಂತ ಮೇಲೆ ಕಾಣಬೇಕು. ಚೆಂಡು ಎಡಗಾಲಿನ ಹಿಮ್ಮಡಿಯ ನೇರಕ್ಕಿರಲಿ. ಆಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಚೆಂಡಿನ ಮೇಲೆ ಒಂದು ಚುಕ್ಕಿ ಇಟ್ಟು, ಆ ಚುಕ್ಕಿ ಫೇಸ್‌ಗೆ ತಾಗುವ ಹಾಗೆ ಟೀ ಮೇಲಿಟ್ಟು ಹೊಡೆಯಿರಿ, ಫೇಸ್ ಮೇಲೆ ಎಲ್ಲಿ ಗುರುತು ಬಿತ್ತು ಗೊತ್ತಾಗುತ್ತದೆ. ಗುರುತು ಫೇಸ್‌ನ ಕೆಳಭಾಗದಲ್ಲಿದ್ದರೆ ಲಾಂಚ್ ತಗ್ಗು, ಸ್ಪಿನ್ ಜಾಸ್ತಿ. ನಡುವಿಗಿಂತ ಸ್ವಲ್ಪ ಮೇಲಿದ್ದರೆ ಉಲ್ಟಾ. ಹೊಸ ಕ್ಲಬ್ ಇಲ್ಲದೇ ಇಷ್ಟರಿಂದಲೇ ಎಷ್ಟೋ ಯಾರ್ಡ್ ಸಿಗುತ್ತದೆ.

ಉತ್ತರ 3:
ನಾನು ಚೆನ್ನೈನಲ್ಲಿರುವುದು, ಊರಿಗೆ ಬಂದಾಗ ಬೆಂಗಳೂರಲ್ಲೂ ಆಡುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ, ಗಾಳಿ ತೆಳು. ಅದಕ್ಕೇ ಅಲ್ಲಿ ಚೆಂಡು ಸ್ವಲ್ಪ ದೂರ ಹೋಗುತ್ತದೆ, ಆದರೆ ಮೇಲಕ್ಕೆತ್ತುವ ಬಲವೂ ಕಡಿಮೆ. ತಗ್ಗಿನಲ್ಲಿ ಹೊಡೆಯುವವರಿಗೆ ಅಲ್ಲಿ ಲಾಫ್ಟ್ ಇನ್ನೂ ಮುಖ್ಯ. ಮಳೆಗಾಲದಲ್ಲಂತೂ ಫೇರ್‌ವೇ ಒದ್ದೆಯಾಗಿ ಚೆಂಡು ಬಿದ್ದಲ್ಲೇ ಕೂರುತ್ತದೆ, ಉರುಳುವುದನ್ನು ನಂಬಿಕೊಂಡರೆ ಆಗುವುದಿಲ್ಲ. ಕ್ಯಾರಿ ಬೇಕೇ ಬೇಕು.

ಅಂದ ಹಾಗೆ ನಿಮ್ಮ ಡ್ರೈವರ್‌ನಲ್ಲಿ ಶಾಫ್ಟ್ (ಕ್ಲಬ್‌ನ ಕೋಲು) ಹತ್ತಿರ ತಿರುಗಿಸುವ ಸ್ಕ್ರೂ ಇದೆಯಾ?

ಪ್ರಶ್ನೆ ಕೇಳಿದವರು:
ಇದೆ ಸರ್, ಅಣ್ಣ ಒಂದು ಕೀ ಕೂಡ ಕೊಟ್ಟಿದ್ದ. ಅದನ್ನು ಈವರೆಗೂ ಮುಟ್ಟಿಲ್ಲ.

ಉತ್ತರ 3:
ಹಾಗಾದರೆ ಸದ್ಯಕ್ಕೆ ಏನೂ ಕೊಳ್ಳಬೇಡಿ! ಹೆಚ್ಚಿನ ಡ್ರೈವರ್‌ಗಳಲ್ಲಿ ಆ ಸ್ಕ್ರೂ ತಿರುಗಿಸಿ ಲಾಫ್ಟ್ ಒಂದೂವರೆ-ಎರಡು ಡಿಗ್ರಿ ಏರಿಸಬಹುದು. ಏರಿಸಿದಾಗ ಫೇಸ್ ಕೂಡ ಸ್ವಲ್ಪ ಎಡಕ್ಕೆ ಮುಚ್ಚುತ್ತದೆ, ಸ್ಲೈಸ್ ಇರುವವರಿಗೆ ಅದು ಒಳ್ಳೆಯದೇ. ಟಕ್ ಅಂತ ಸದ್ದು ಬರುವವರೆಗೂ ಬಿಗಿ ಮಾಡಿ. ಆಟದ ಮಧ್ಯೆ ಮಾತ್ರ ತಿರುಗಿಸಬೇಡಿ, ನಿಯಮದಲ್ಲಿ ಅವಕಾಶ ಇಲ್ಲ.

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ಹೋಗಿದ್ದೆ. ಟೀ ಎತ್ತರ ಮಾಡಿ ಮೊದಲು 9ರಲ್ಲೇ ಹೊಡೆದೆ, ಮಾರ್ಕರ್ ಗುರುತು ನೋಡಿದರೆ ಹಳೇ ಎತ್ತರದಲ್ಲಿ ಎಲ್ಲವೂ ಫೇಸ್‌ನ ಕೆಳಗೇ ಬೀಳುತ್ತಿತ್ತು. ಆಮೇಲೆ 10.5ಕ್ಕೆ ತಿರುಗಿಸಿದೆ. ಅಟ್ಯಾಕ್ ಮೈನಸ್ 1, ಲಾಂಚ್ 12, ಕ್ಯಾರಿ 188. ಬಲಕ್ಕೆ ಇನ್ನೂ ಹೋಗುತ್ತದೆ, ಮೊದಲಿನಷ್ಟಿಲ್ಲ. ಮೂವರಿಗೂ ತುಂಬಾ ಥ್ಯಾಂಕ್ಸ್. 12ನ್ನು ಮುಂದಿನ ತಿಂಗಳು ಯಾರಿಂದಾದರೂ ಕೇಳಿ ಪಡೆದು ಹೊಡೆದು ನೋಡುತ್ತೇನೆ, ಅಂಕಿಗಳನ್ನು ಇಲ್ಲೇ ಹಾಕುತ್ತೇನೆ.