ಸಹಾಯ ಬೇಕು: ಇಂಗ್ಲಿಷ್ ಸರ್ವನಾಮ ಮತ್ತು ವಾಕ್ಯಜೋಡಣೆ ಕಲಿಸುವ ಬಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ 8 ಮಂದಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆಯ ಹೊತ್ತು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎಂಬುದನ್ನು ಅವರು ‘ಆಲ್ದೋ’ ಎಂದು ಆರಂಭಿಸಿ ನಡುವೆ ‘ಬಟ್’ ಕೂಡ ಸೇರಿಸಿ ಬರೆಯುತ್ತಿದ್ದರು. ಎರಡರಲ್ಲಿ ಒಂದೇ ಸಾಕೆಂದು ತೋರಿಸಿದ ಮೇಲೆ ಈ ತಪ್ಪು ಬಹುಮಟ್ಟಿಗೆ ಕಡಿಮೆಯಾಗಿದೆ.

ಸರ್ವನಾಮಗಳ ತೊಡಕು ಮಾತ್ರ ಹಾಗೆಯೇ ಉಳಿದಿದೆ. ಕನ್ನಡದಲ್ಲಿ ಗೌರವಕ್ಕೂ ಬಹುವಚನಕ್ಕೂ ‘ಅವರು’ ಎಂಬ ಒಂದೇ ಪದವಿರುವುದರಿಂದ, ಒಬ್ಬರೇ ಶಿಕ್ಷಕಿಯ ಕುರಿತು ಬರೆಯುವಾಗಲೂ ಮಕ್ಕಳು ‘ದೇ’ ಎನ್ನುತ್ತಾರೆ. ‘ಶೀ’ ಎಂದು ತಿದ್ದಿದರೆ ಗುರುಗಳನ್ನು ಏಕವಚನದಲ್ಲಿ ಕರೆದಂತಾಯಿತೆಂದು ಅಳುಕುತ್ತಾರೆ, ಮತ್ತು ಆ ಅಳುಕನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಇದಕ್ಕಿಂತ ಕಷ್ಟವಾದುದು ‘ತನ್ನ’ ಎಂಬ ಪದ: ‘ರಾಜು ಗೋಪಾಲನಿಗೆ ತನ್ನ ಪುಸ್ತಕ ಕೊಟ್ಟ’ ಎಂದರೆ ಪುಸ್ತಕ ರಾಜುವಿನದೆಂದು ಕನ್ನಡದಲ್ಲಿ ಸ್ಪಷ್ಟವಾಗುತ್ತದೆ, ಆದರೆ ಇಂಗ್ಲಿಷಿನ ‘ಹಿಸ್’ ಇಬ್ಬರಲ್ಲಿ ಯಾರಿಗಾದರೂ ಸಲ್ಲಬಹುದು.

ಈ ಎರಡು ಅಂಶಗಳನ್ನು ಕನ್ನಡದ ಉದಾಹರಣೆಗಳೊಂದಿಗೇ ಅಭ್ಯಾಸ ಮಾಡಿಸುವಂಥ ಪಾಠವಾಗಲಿ, ವಾಕ್ಯಗಳ ಸಂಗ್ರಹವಾಗಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.