ಸಿಮ್ಯುಲೇಶನ್‌ನಲ್ಲಿ ಎರಡು ಮಟ್ಟದ ಮಾದರಿ: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಟ್ರಾಫಿಕ್ ಸಿಮ್ಯುಲೇಶನ್ (ಕಂಪ್ಯೂಟರ್‌ನಲ್ಲಿ ವಾಹನಗಳ ಓಡಾಟದ ನಕಲು) ಬರೆಯುತ್ತಿದ್ದೇನೆ. ದೂರದ ರಸ್ತೆಗಳಲ್ಲಿ ವಾಹನಗಳನ್ನು ಗುಂಪಾಗಿ, ಮುಖ್ಯ ಜಂಕ್ಷನ್ ಹತ್ತಿರ ಒಂದೊಂದಾಗಿ ಲೆಕ್ಕ ಹಾಕಬೇಕು ಅಂತ ಯೋಚನೆ. ಇದರಿಂದ ನಿಜಕ್ಕೂ ಉಳಿತಾಯ ಆಗುತ್ತದಾ?

ಮೊದಲ ಉತ್ತರ: ಲೆಕ್ಕದಲ್ಲಿ ಖಂಡಿತ ಆಗುತ್ತದೆ. 5,000 ವಾಹನಗಳನ್ನು ಜೋಡಿ ಜೋಡಿಯಾಗಿ ಪರೀಕ್ಷಿಸಿದರೆ 1,24,97,500 ಜೋಡಿ. ಅವನ್ನೇ 50ರಂತೆ 100 ಗುಂಪು ಮಾಡಿದರೆ ಬರೀ 4,950. ನಾನೂ ಇದನ್ನು ನೋಡಿಯೇ ಶುರು ಮಾಡಿದ್ದೆ. ತೊಂದರೆ ಬಂದದ್ದು ಜಂಕ್ಷನ್ ಹತ್ತಿರ ಗುಂಪನ್ನು ಒಂದೊಂದು ವಾಹನವಾಗಿ ಬಿಚ್ಚುವಾಗ, ದೂರ ಹೋದ ಮೇಲೆ ಮತ್ತೆ ಕಟ್ಟುವಾಗ.

ಗುಂಪಿಗೆ ಗೊತ್ತಿರುವುದು ಎಣಿಕೆ ಮತ್ತು ಸರಾಸರಿ ವೇಗ ಅಷ್ಟೇ. ಬಿಚ್ಚಿದಾಗ ಯಾವ ಗಾಡಿ ಯಾವ ಲೇನ್‌ನಲ್ಲಿದೆ ಅಂತ ನಾವೇ ಹುಟ್ಟಿಸಬೇಕು. ನನ್ನ ಮಾದರಿಯಲ್ಲಿ ಎಡ ಲೇನ್‌ನಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು, ಹಿಂದೆ ಸಾಲು ಬೆಳೆದಿತ್ತು. ಗುಂಪು ಕಟ್ಟಿ ಮತ್ತೆ ಬಿಚ್ಚಿದೆ. ಅದೇ ಲಾರಿ ಬಲ ಲೇನ್‌ನಲ್ಲಿ ಆರಾಮಾಗಿ ಓಡುತ್ತಿತ್ತು! ಸರಾಸರಿ ಮಾತ್ರ ಎರಡೂ ಸಲ ಸರಿಯಾಗಿತ್ತು, ಹಾಗಾಗಿ ತಪ್ಪು ಹಿಡಿಯಲು ಮೂರು ದಿನ ಬೇಕಾಯಿತು. ಕೊನೆಗೆ ಲೇನ್, ಕೆಟ್ಟ ಗಾಡಿಯ ಗುರುತು, ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರು ಮಾಡುವ ಸಂಖ್ಯೆ) ಎಲ್ಲವನ್ನೂ ಗುಂಪಿನ ಜೊತೆ ಉಳಿಸಿದೆ. ಹೀಗೆ ಒಂದೊಂದೇ ಉಳಿಸುತ್ತಾ ಹೋದರೆ ಮೆಮೊರಿಯ ಉಳಿತಾಯ ಕರಗುತ್ತದೆ.

ಎರಡನೇ ಉತ್ತರ: ಗಡಿಯ ಬಗ್ಗೆಯೂ ಹುಷಾರಾಗಿರಿ. ಜಂಕ್ಷನ್‌ನಿಂದ 500 ಮೀಟರ್‌ಗೆ ಬಿಚ್ಚಿ 500ಕ್ಕೇ ಕಟ್ಟಿದರೆ, ಗಡಿಯಲ್ಲಿ ತೆವಳುವ ಗುಂಪು ಲೆಕ್ಕದ ಪ್ರತಿ ಹೆಜ್ಜೆಗೂ ಬಿಚ್ಚಿ ಕಟ್ಟಿಕೊಳ್ಳುತ್ತದೆ. ನಾನು 500ಕ್ಕೆ ಬಿಚ್ಚಿ 800ಕ್ಕೆ ಕಟ್ಟಿದೆ, ಸಮಾಧಾನವಾಯಿತು. ಇನ್ನೊಂದು, ಬಿಚ್ಚಿದ ಗುಂಪು ಪಕ್ಕದ ಗುಂಪಿನ ಜೊತೆ ವ್ಯವಹರಿಸಬೇಕಾದರೆ ಅದನ್ನೂ ಬಿಚ್ಚಬೇಕಾಗುತ್ತದೆ, ಅದು ತನ್ನ ಪಕ್ಕದ್ದನ್ನು. ದಟ್ಟಣೆ ಜಾಸ್ತಿಯಾದ ಹೊತ್ತಿಗೆ ಇಡೀ ರಸ್ತೆ ಬಿಚ್ಚಿಕೊಂಡಿರುತ್ತದೆ. ನಮಗೆ ಉಳಿತಾಯ ಬೇಕಾಗಿದ್ದೇ ಆ ಹೊತ್ತಿನಲ್ಲಿ ಅಲ್ವಾ?

ಮೂರನೇ ಉತ್ತರ: ಬಿಚ್ಚುವುದು ಕಟ್ಟುವುದು ಬೇಡವೆಂದರೆ ಎರಡೂ ಮಟ್ಟವನ್ನು ಯಾವಾಗಲೂ ಜೊತೆಗೇ ಇಟ್ಟುಕೊಳ್ಳಬಹುದು. ಸಿಮ್ಯುಲೇಶನ್ ಸಂಶೋಧಕರಾದ ರೆನಾಲ್ಡ್ಸ್, ನಟರಾಜನ್, ಶ್ರೀನಿವಾಸನ್ 1997ರಲ್ಲೇ ಈ ದಾರಿ ಬರೆದಿದ್ದಾರೆ. ಆಗ ಒಂದು ಕಡೆ ಬದಲಾದದ್ದನ್ನು ಇನ್ನೊಂದು ಕಡೆಗೂ ದಾಟಿಸುವ ನಿಯಮ ಬರೆಯಬೇಕು, ಅದೇನೂ ಸುಮ್ನೆ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಒಂದೊಂದು ವಾಹನದ ಮಾದರಿಯನ್ನಷ್ಟೇ ಬರೆದು, ಎಷ್ಟು ನಿಧಾನ ಅಂತ ಅಳೆಯುತ್ತಿದ್ದೆ. ಗುಂಪು ಬೇಕೇಬೇಕು ಅನ್ನಿಸಿದರೆ ಒಂದು ಪರೀಕ್ಷೆ ಇಟ್ಟುಕೊಳ್ಳಿ: ಸಮಯ ಮುಂದೆ ಹೋಗದಂತೆ ನಿಲ್ಲಿಸಿ, ಒಂದೇ ಗುಂಪನ್ನು ನೂರು ಸಲ ಬಿಚ್ಚಿ ಕಟ್ಟಿ. ಎಣಿಕೆ, ಸರಾಸರಿ ವೇಗ, ಕೆಟ್ಟು ನಿಂತ ಗಾಡಿಯ ಜಾಗ, ಯಾವುದೂ ಬದಲಾಗಬಾರದು.