ಸಹಾಯ ಬೇಕು: ಮಗು ಕೂರುವ ಟ್ರೇಲರ್ ಎಳೆಯಲು ಯಾವ ಸೈಕಲ್?

ಎಲ್ಲರಿಗೂ ನಮಸ್ಕಾರ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳಿಗೆ ಎರಡೂವರೆ ವರ್ಷ, 12 ಕೆಜಿ. ಅವಳನ್ನು ಟ್ರೇಲರ್‌ನಲ್ಲಿ ಕೂರಿಸಿಕೊಂಡು ಅಜ್ಜಿ ಮನೆಗೆ ಹೋಗಲು, ಹಾಗೇ ದೇವರಾಜ ಮಾರುಕಟ್ಟೆಯಿಂದ ತರಕಾರಿ, ದಿನಸಿ ತರಲು ಆಗುವ ಒಂದೇ ಸೈಕಲ್ ಬೇಕು. ಈಗಿರುವುದಕ್ಕೆ ಗೇರ್ ಇಲ್ಲ. ಕ್ಯಾರಿಯರ್‌ಗೆ ಅಕ್ಕಿ ಚೀಲ ಕಟ್ಟಿದರೆ ಏರಿನಲ್ಲಿ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಬ್ರೇಕ್ ರಬ್ಬರ್ ಕಿರ್ರ್ ಅನ್ನುತ್ತದೆ, ಗಾಡಿ ಬೇಗ ನಿಲ್ಲುವುದಿಲ್ಲ. ಹಿಂದೆ ಮಗು ಇದ್ದಾಗ ಅಂಥ ಬ್ರೇಕ್ ನಂಬೋಕಾಗಲ್ಲ ಅಲ್ವಾ?

ಹೈಬ್ರಿಡ್ (ಟಾರು ರಸ್ತೆಗೂ ಕಚ್ಚಾ ದಾರಿಗೂ ಆಗುವ ಸೈಕಲ್) ತಗೊಳ್ಳಲಾ, ಸಸ್ಪೆನ್ಷನ್ ಇಲ್ಲದ ಎಂಟಿಬಿನಾ (ದಪ್ಪ ಟೈರಿನ ಮೌಂಟನ್ ಬೈಕ್)? ಟ್ರೇಲರ್ ಕೊಂಡಿ ಸಾಮಾನ್ಯವಾಗಿ ಹಿಂದಿನ ಚಕ್ರದ ಆಕ್ಸಲ್‌ಗೆ ಎಡಗಡೆ ಕೂರುತ್ತದೆ, ಡಿಸ್ಕ್ ಬ್ರೇಕೂ ಅಲ್ಲೇ ಇರುತ್ತದೆ. ಒಂದಕ್ಕೊಂದು ತಾಗುತ್ತಾ? ಗಟ್ಟಿ ಕ್ಯಾರಿಯರ್, ಮಡ್‌ಗಾರ್ಡ್ ಹಾಕಲು ಜಾಗ ಬೇಕೇ ಬೇಕು. ಬಜೆಟ್ 25,000. ನಮ್ಮೂರಲ್ಲಿ ಯಾರಾದರೂ ಟ್ರೇಲರ್ ಎಳೆಯುತ್ತಿದ್ದರೆ ದಯವಿಟ್ಟು ಹೇಳಿ, ಒಂದು ಸಲ ಬಂದು ನೋಡುತ್ತೇನೆ.